ಮನೆಯಲ್ಲಿ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಹೊಸ ಔಟ್‌ಪುಟ್ ಬಫರ್

ಹವ್ಯಾಸಿಗಳು ಮನೆಯಲ್ಲಿ ಕಟ್ಟಿಕೊಳ್ಳುವ ಅನೇಕ ಹೆಡ್‌ಫೋನ್ ಆಂಪ್ಲಿಫೈಯರ್‌ಗಳು 1990ರ ದಶಕದ ಕೊನೆಯಲ್ಲಿ ಚು ಮೊಯ್ ಅವರು ಪ್ರಕಟಿಸಿದ ಪುಟ್ಟ ಸರ್ಕ್ಯೂಟಿನ ಸಂತತಿಗೆ ಸೇರಿದವು. ಅವುಗಳಲ್ಲಿ ಒಂದು ಜೋಡಿ ಆಪ್-ಆಂಪ್ (ಸಂಕೇತವನ್ನು ಹಿಗ್ಗಿಸುವ ಎರಡು ಘಟಕಗಳಿರುವ ಚಿಪ್) ಮತ್ತು ಪ್ರತಿ ಚಾನೆಲ್‌ಗೆ ಬೆರಳೆಣಿಕೆಯಷ್ಟು ರೆಸಿಸ್ಟರ್‌ಗಳಿದ್ದು, ಆಪ್-ಆಂಪ್‌ನ ಔಟ್‌ಪುಟ್ ಪಿನ್ ನೇರವಾಗಿ ಜ್ಯಾಕ್‌ಗೆ ಹೋಗುತ್ತದೆ. 300 ಓಮ್‌ನ ಹೆಡ್‌ಫೋನ್‌ಗೆ ಈ ಏರ್ಪಾಡು ಸಾಲುತ್ತದೆ, ಏಕೆಂದರೆ 2 ವೋಲ್ಟ್ ಸಂಕೇತಕ್ಕೆ ಅದು ಎಳೆಯುವ ಶಿಖರ ಕರೆಂಟ್ 10 ಮಿಲಿಆಂಪಿಯರ್ ಕೂಡ ಅಲ್ಲ. 32 ಓಮ್‌ನ ಹೆಡ್‌ಫೋನ್ ಅದೇ 2 ವೋಲ್ಟ್‌ಗೆ 88 ಮಿಲಿಆಂಪಿಯರ್‌ವರೆಗಿನ ಶಿಖರ ಕರೆಂಟ್ ಕೇಳುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಬಳಸುವ ಒಪಿಎ2134 ಎಂಬ ಆಪ್-ಆಂಪ್ ಕೊಡಬಲ್ಲದ್ದು ಸುಮಾರು 35 ಮಾತ್ರ. ಅಂದರೆ 32 ಓಮ್‌ಗೆ ಸುಮಾರು 20 ಮಿಲಿವ್ಯಾಟ್ ದಾಟುತ್ತಿದ್ದಂತೆ ಅಲೆಯ ತುದಿಗಳು ಕತ್ತರಿಸಿ ಹೋಗುತ್ತವೆ. ಇದಕ್ಕೆ ಪರಿಹಾರವೆಂದು ಸಾಕೆಟ್‌ನಲ್ಲಿ ಒಂದಾದ ಮೇಲೊಂದು ಆಪ್-ಆಂಪ್ ಬದಲಿಸುವವರು ಬಹಳ ಜನ. ಆಡಿಯೊ ಕೆಲಸಕ್ಕೆ ಬಳಸುವ ಸಾಮಾನ್ಯ ಆಪ್-ಆಂಪ್‌ಗಳ ಕರೆಂಟ್ ಮಿತಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಆ ಖರ್ಚು ಬಹುಮಟ್ಟಿಗೆ ವ್ಯರ್ಥ. ಬದಲಿಸಬೇಕಾದದ್ದು ಆಪ್-ಆಂಪ್ ಮತ್ತು ಜ್ಯಾಕ್ ನಡುವಿನ ಜಾಗವನ್ನು. ಅಲ್ಲಿ ಬಫರ್, ಅಂದರೆ ವೋಲ್ಟೇಜನ್ನು ಹಾಗೆಯೇ ಇಟ್ಟು ಹೆಚ್ಚು ಕರೆಂಟ್ ಕೊಡುವ ಹಂತ, ಸೇರಬೇಕು.

ಇಲ್ಲಿ ಹೇಳುವ ಮಾರ್ಪಾಡು 12-0-12 ಟ್ರಾನ್ಸ್‌ಫಾರ್ಮರ್, 7812 ಮತ್ತು 7912 ರೆಗ್ಯುಲೇಟರ್‌ಗಳಿಂದ ಪ್ಲಸ್ 12, ಮೈನಸ್ 12 ವೋಲ್ಟ್ ಪಡೆಯುವ ಆಂಪ್ಲಿಫೈಯರ್‌ಗೆ ಹೊಂದುವಂಥದ್ದು. ಒಂದೇ 9 ವೋಲ್ಟ್ ಬ್ಯಾಟರಿಯನ್ನು ಎರಡು ರೆಸಿಸ್ಟರ್‌ಗಳಿಂದ ಅರ್ಧ ಮಾಡಿ ಕೃತಕ ಗ್ರೌಂಡ್ ಮಾಡಿಕೊಂಡಿರುವ ಪೆಟ್ಟಿಗೆಗೆ ಇದನ್ನು ಹಾಗೆಯೇ ಹಾಕಬಾರದು. ಬಫರ್ ಎಳೆಯುವಷ್ಟೇ ಕರೆಂಟ್ ಆ ಗ್ರೌಂಡ್ ಮೂಲಕ ಹಿಂದಿರುಗಬೇಕಾಗಿರುವುದರಿಂದ ಮೊದಲು ಗ್ರೌಂಡನ್ನೇ ಬಲಪಡಿಸಬೇಕಾಗುತ್ತದೆ, ಅದು ಬೇರೆಯೇ ಕೆಲಸ.

ಬಫರ್‌ನ ರಚನೆ ಸರಳ. ಪ್ರತಿ ಚಾನೆಲ್‌ಗೆ ಒಂದು ಬಿಡಿ139 ಮತ್ತು ಒಂದು ಬಿಡಿ140 ಟ್ರಾನ್ಸಿಸ್ಟರ್ ಬೇಕು. ಬಿಡಿ139ರ ಕಲೆಕ್ಟರ್ ಪ್ಲಸ್ 12ಕ್ಕೆ, ಬಿಡಿ140ರ ಕಲೆಕ್ಟರ್ ಮೈನಸ್ 12ಕ್ಕೆ ಸೇರುತ್ತವೆ. ಎರಡರ ಎಮಿಟರ್‌ಗಳೂ ತಲಾ 4.7 ಓಮ್ ರೆಸಿಸ್ಟರ್ ಮೂಲಕ ಒಂದೇ ಬಿಂದುವಿನಲ್ಲಿ ಕೂಡುತ್ತವೆ, ಆ ಬಿಂದುವೇ ಜ್ಯಾಕ್‌ಗೆ ಹೋಗುವ ಹೊಸ ಔಟ್‌ಪುಟ್. ಬೇಸ್‌ಗಳ ಕಡೆ ಪ್ಲಸ್ 12ರಿಂದ 2.2 ಕಿಲೋಓಮ್, ಅದರ ಕೆಳಗೆ ಸರಣಿಯಲ್ಲಿ ಎರಡು 1ಎನ್4148 ಡಯೋಡ್, ಅದರ ಕೆಳಗೆ ಮೈನಸ್ 12ಕ್ಕೆ ಇನ್ನೊಂದು 2.2 ಕಿಲೋಓಮ್ ಇರುತ್ತವೆ. ಡಯೋಡ್‌ಗಳ ಪಟ್ಟೆಯಿರುವ ತುದಿ ಮೈನಸ್ ಕಡೆಗಿರಬೇಕು. ಡಯೋಡ್ ಸಾಲಿನ ಮೇಲಿನ ತುದಿಯಿಂದ 22 ಓಮ್ ಮೂಲಕ ಬಿಡಿ139ರ ಬೇಸ್‌ಗೆ, ಕೆಳಗಿನ ತುದಿಯಿಂದ ಇನ್ನೊಂದು 22 ಓಮ್ ಮೂಲಕ ಬಿಡಿ140ರ ಬೇಸ್‌ಗೆ ಸಂಪರ್ಕ ಕೊಡಿ. ಎರಡು ಡಯೋಡ್‌ಗಳು ಕೂಡುವ ನಡುಬಿಂದುವಿಗೆ ಆಪ್-ಆಂಪ್‌ನ ಔಟ್‌ಪುಟ್ ಬರುತ್ತದೆ.

2.2 ಕಿಲೋಓಮ್ ಎಂಬ ಬೆಲೆ ಸುಮ್ಮನೆ ಇಟ್ಟದ್ದಲ್ಲ. ಔಟ್‌ಪುಟ್ ಮೇಲೇರಿದಾಗ ಬಿಡಿ139ಕ್ಕೆ ಬೇಕಾದ ಬೇಸ್ ಕರೆಂಟನ್ನು ಕೊಡುವುದು ಆಪ್-ಆಂಪ್ ಅಲ್ಲ, ಮೇಲಿನ ಈ ರೆಸಿಸ್ಟರ್. ಔಟ್‌ಪುಟ್ 3 ವೋಲ್ಟ್‌ನಲ್ಲಿರುವಾಗ ಅದರಲ್ಲಿ ಇನ್ನೂ ಸುಮಾರು 3.8 ಮಿಲಿಆಂಪಿಯರ್ ಹರಿಯುತ್ತಿರುತ್ತದೆ, ಟ್ರಾನ್ಸಿಸ್ಟರ್‌ಗೆ ಬೇಕಾದದ್ದು 1 ಮಿಲಿಆಂಪಿಯರ್ ಆಸುಪಾಸು. ಉಷ್ಣ ಕಡಿಮೆಯಾಗಲೆಂದು ಇದನ್ನು 10 ಕಿಲೋಓಮ್ ಮಾಡಿದರೆ ಜೋರಾದ ಸಂಗೀತದಲ್ಲಿ ಬೇಸ್ ಕರೆಂಟ್ ಸಾಲದೆ ಬಫರ್ ಕೈಕೊಡುತ್ತದೆ.

ಇಡೀ ಮಾರ್ಪಾಡಿನಲ್ಲಿ ಅತಿ ಮುಖ್ಯವಾದ ಅಂಶ ಫೀಡ್‌ಬ್ಯಾಕ್ (ತಪ್ಪು ತಿದ್ದಿಕೊಳ್ಳಲು ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳಿಸುವ ಸಂಕೇತ) ತೆಗೆದುಕೊಳ್ಳುವ ಜಾಗ. 8 ಪಿನ್‌ಗಳ ಜೋಡಿ ಆಪ್-ಆಂಪ್‌ನಲ್ಲಿ ಒಂದು ಚಾನೆಲ್‌ನ ಔಟ್‌ಪುಟ್ 1ನೇ ಪಿನ್, ಅದರ ಇನ್ವರ್ಟಿಂಗ್ ಇನ್‌ಪುಟ್ 2ನೇ ಪಿನ್. ಇನ್ನೊಂದು ಚಾನೆಲ್‌ಗೆ ಇವು ಕ್ರಮವಾಗಿ 7 ಮತ್ತು 6. ಹಳೆಯ ಬೋರ್ಡಿನಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರ್ 1 ಮತ್ತು 2ರ ನಡುವೆ ಇರುತ್ತದೆ. 1ನೇ ಪಿನ್ನಿನಿಂದ ಜ್ಯಾಕ್‌ಗೆ ಹೋಗುವ ಟ್ರ್ಯಾಕನ್ನು ಬ್ಲೇಡಿನಿಂದ ಕತ್ತರಿಸಿ, ರೆಸಿಸ್ಟರ್‌ನ 1ನೇ ಪಿನ್ ಕಡೆಯ ಕಾಲನ್ನು ಎತ್ತಿ, ಅದನ್ನು 4.7 ಓಮ್‌ಗಳು ಕೂಡುವ ಹೊಸ ಔಟ್‌ಪುಟ್ ಬಿಂದುವಿಗೆ ಜೋಡಿಸಬೇಕು. ಆಗ ಟ್ರಾನ್ಸಿಸ್ಟರ್‌ಗಳ ಸೊಟ್ಟವನ್ನೂ 4.7 ಓಮ್‌ಗಳ ತಡೆಯನ್ನೂ ಆಪ್-ಆಂಪ್ ತಾನೇ ಸರಿಪಡಿಸುತ್ತದೆ. ಕಾಲನ್ನು ಹಳೆಯ ಜಾಗದಲ್ಲೇ ಬಿಟ್ಟರೂ ಆಂಪ್ಲಿಫೈಯರ್ ಹಾಡುತ್ತದೆ, ಆದರೆ ಬಫರ್ ಫೀಡ್‌ಬ್ಯಾಕ್‌ನ ಹೊರಗುಳಿದು ಅದರ ದೋಷವೆಲ್ಲ ಕಿವಿಗೆ ಬರುತ್ತದೆ. ಹಾಗೆಯೇ ಜ್ಯಾಕ್‌ಗೆ ಮುಂಚೆ ಸರಣಿಯಲ್ಲಿ ಹಳೆಯ ರೆಸಿಸ್ಟರ್ ಏನಾದರೂ ಇದ್ದರೆ ತೆಗೆದುಬಿಡಿ.

ಬಫರ್ ಒಳಗೆ ಬಂದುದರಿಂದ ಅತಿ ಎತ್ತರದ ಆವೃತ್ತಿಗಳಲ್ಲಿ ಸಂಕೇತ ಒಂದಿಷ್ಟು ತಡವಾಗಿ ಹಿಂದಿರುಗುತ್ತದೆ, ಇದು ಆಸಿಲೇಷನ್‌ಗೆ, ಅಂದರೆ ಸಂಕೇತವಿಲ್ಲದೆಯೂ ಸರ್ಕ್ಯೂಟ್ ತಾನಾಗಿಯೇ ಕಂಪಿಸುವುದಕ್ಕೆ, ದಾರಿ. 47 ಪಿಕೋಫ್ಯಾರಡ್‌ನ ಒಂದು ಸಿರಾಮಿಕ್ ಕೆಪಾಸಿಟರನ್ನು 1 ಮತ್ತು 2ನೇ ಪಿನ್‌ಗಳ ನಡುವೆ, ಬೋರ್ಡಿನ ಅಡಿಯಲ್ಲಿ ಕಾಲು ಗಿಡ್ಡ ಮಾಡಿ ಸೋಲ್ಡರ್ ಮಾಡಿ. ಇದರ ತುದಿ ಬಫರ್‌ನ ಔಟ್‌ಪುಟ್‌ಗೆ ಹೋಗಬಾರದು, 1ನೇ ಪಿನ್ನಿಗೇ ಹೋಗಬೇಕು; ಆ ಎತ್ತರದಲ್ಲಿ ಫೀಡ್‌ಬ್ಯಾಕ್ ಬಫರ್ ಮೂಲಕ ಹೋಗದೆ ಒಳದಾರಿಯಲ್ಲೇ ತಿರುಗಲಿ ಎಂಬುದು ಉದ್ದೇಶ. ಐರನ್ ಬಿಸಿಯಿರುವಾಗಲೇ ಗೇನ್ (ಸಂಕೇತ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಕಡೆಗೂ ನೋಡಿ. ಮೂಲ ವಿನ್ಯಾಸದ 10 ಕಿಲೋಓಮ್ ಮತ್ತು 1 ಕಿಲೋಓಮ್ ಸೇರಿ 11 ಪಟ್ಟು ಗೇನ್ ಕೊಡುತ್ತವೆ. 2 ವೋಲ್ಟ್ ಕೊಡುವ ಇಂದಿನ ಡಿಎಸಿಗಳಿಗೆ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಂಕೇತವಾಗಿಸುವ ಸಾಧನಗಳಿಗೆ) ಇದು ಅತಿಯಾಯಿತು, 10ರ ಬದಲು 2.2 ಕಿಲೋಓಮ್ ಹಾಕಿದರೆ 3.2 ಪಟ್ಟು ಸಿಗುತ್ತದೆ.

ಮುಂದಿನದು ಹಲವರು ಬಿಟ್ಟುಬಿಡುವ ಭಾಗ. 3.5 ಮಿಲಿಮೀಟರ್ ಪ್ಲಗ್ಗನ್ನು ಚುಚ್ಚುವಾಗಲೂ ಕೀಳುವಾಗಲೂ ಔಟ್‌ಪುಟ್ ಕ್ಷಣಕಾಲ ಗ್ರೌಂಡ್‌ಗೆ ಶಾರ್ಟ್ ಆಗುತ್ತದೆ. ಆಪ್-ಆಂಪ್‌ನೊಳಗೆ ಕರೆಂಟ್ ಮಿತಿ ಇತ್ತು, ಬರಿಯ ಟ್ರಾನ್ಸಿಸ್ಟರ್‌ಗಳಿಗೆ ಅದಿಲ್ಲ. ಆಪ್-ಆಂಪ್‌ನ ಔಟ್‌ಪುಟ್ ಪಿನ್ ಮತ್ತು ಬಫರ್‌ನ ಔಟ್‌ಪುಟ್ ನಡುವೆ ಎರಡು 1ಎನ್4148 ಡಯೋಡ್‌ಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸಮಾಂತರವಾಗಿ ಹಾಕಿದರೆ ಈ ಕೊರತೆ ನೀಗುತ್ತದೆ. 4.7 ಓಮ್ ಮೇಲಿನ ವೋಲ್ಟೇಜ್ ಸುಮಾರು 0.65 ತಲುಪಿದಾಗ ಡಯೋಡ್ ತೆರೆದುಕೊಂಡು ಟ್ರಾನ್ಸಿಸ್ಟರ್‌ನ ಕರೆಂಟನ್ನು 140 ಮಿಲಿಆಂಪಿಯರ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಕೇಳುವಾಗಿನ 88 ಮಿಲಿಆಂಪಿಯರ್‌ಗೆ ಅದೇ ವೋಲ್ಟೇಜ್ 0.41 ಮಾತ್ರ ಆಗಿರುವುದರಿಂದ ಡಯೋಡ್ ಅಡ್ಡ ಬರುವುದಿಲ್ಲ. ಇಷ್ಟೆಲ್ಲ ಬೇಡವೆನ್ನುವವರಿಗೆ ಬಿಯುಎಫ್634 ಎಂಬ ಸಿದ್ಧ ಬಫರ್ ಇದೆ. 250 ಮಿಲಿಆಂಪಿಯರ್‌ವರೆಗೆ ಕೊಡುವ ಅದರೊಳಗೆ ಕರೆಂಟ್ ಮಿತಿಯೂ ಬಿಸಿಯಾದಾಗ ತಾನೇ ನಿಲ್ಲುವ ವ್ಯವಸ್ಥೆಯೂ ಇವೆ, ಬೆಲೆ ಮಾತ್ರ ನಾಲ್ಕು ಟ್ರಾನ್ಸಿಸ್ಟರ್‌ಗಳಿಗಿಂತ ಬಹಳ ಹೆಚ್ಚು. ಬಿಡಿ139-ಬಿಡಿ140 ಜೋಡಿಗಳಾದರೆ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ.

ಬಿಡಿ139 ಮತ್ತು ಬಿಡಿ140ರ ಅಕ್ಷರಗಳಿರುವ ಮುಖ ನಿಮ್ಮ ಕಡೆ ಇದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಹಿಂಬದಿಯ ಲೋಹದ ತಗಡು ಕಲೆಕ್ಟರ್‌ಗೇ ಸೇರಿರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಹೀಟ್‌ಸಿಂಕ್‌ಗೆ ಬಿಗಿಯುವಾಗ ಮೈಕಾ ಹಾಳೆ ಹಾಕದಿದ್ದರೆ 24 ವೋಲ್ಟ್ ನೇರ ಶಾರ್ಟ್ ಆಗುತ್ತದೆ. ಬಯಸ್ ಡಯೋಡ್‌ಗಳ, ಅಂದರೆ ಬೇಸ್‌ಗಳ ಕಡೆ ಸರಣಿಯಲ್ಲಿರುವ ಎರಡು 1ಎನ್4148ಗಳ, ಒಡಲು ಟ್ರಾನ್ಸಿಸ್ಟರ್‌ಗಳ ಮೈಗೆ ತಾಗಿರುವಂತೆ ಥರ್ಮಲ್ ಪೇಸ್ಟ್ ಹಚ್ಚಿ ಕಟ್ಟಿ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರ ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಡಯೋಡ್‌ಗಳೂ ಜೊತೆಯಲ್ಲಿ ಬಿಸಿಯಾದರೆ ಮಾತ್ರ ಕರೆಂಟ್ ಹದದಲ್ಲಿರುತ್ತದೆ. ಪ್ರತಿ ಕಲೆಕ್ಟರ್‌ನ ಬುಡದಿಂದ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರಲಿ.

ಮೊದಲು ಒಂದೇ ಚಾನೆಲ್ ಮುಗಿಸಿ. ಎರಡೂ ಸಪ್ಲೈ ತಂತಿಗಳಲ್ಲಿ ತಲಾ 100 ಓಮ್ ರೆಸಿಸ್ಟರ್ ಸೇರಿಸಿ, ಹೆಡ್‌ಫೋನ್ ಇಲ್ಲದೆ, ಇನ್‌ಪುಟ್ಟನ್ನು ಗ್ರೌಂಡ್‌ಗೆ ಕಟ್ಟಿ ಪವರ್ ಕೊಡಿ. ಆ 100 ಓಮ್‌ಗಳ ಮೇಲೆ 2-3 ವೋಲ್ಟ್ ಕಂಡರೆ ಸರಿ. 5 ದಾಟಿದರೆ ತಕ್ಷಣ ಆರಿಸಿ ಕಾಲುಗಳನ್ನು ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಅವನ್ನು ತೆಗೆದು, ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಒಂದು 4.7 ಓಮ್‌ನ ಎರಡು ತುದಿಗಳಿಗೆ ಹಿಡಿಯಿರಿ. 70 ಮಿಲಿವೋಲ್ಟ್ ತೋರಿಸಿದರೆ ಟ್ರಾನ್ಸಿಸ್ಟರ್‌ನಲ್ಲಿ 15 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. 10ರಿಂದ 15 ಮಿಲಿಆಂಪಿಯರ್ ನನಗೆ ಹಿಡಿಸುವ ಹದ, ಏಕೆಂದರೆ ಅದರ ಎರಡರಷ್ಟು ಶಿಖರ ಕರೆಂಟ್‌ವರೆಗೆ ಎರಡೂ ಟ್ರಾನ್ಸಿಸ್ಟರ್‌ಗಳು ಎಚ್ಚರವಾಗಿಯೇ ಇರುತ್ತವೆ, ದಿನನಿತ್ಯದ ಆಲಿಸುವಿಕೆ ಬಹುಪಾಲು ಅದರೊಳಗೇ ಮುಗಿಯುತ್ತದೆ. ಡಯೋಡ್‌ಗಳು ಒಂದೊಂದು ಬ್ಯಾಚಿನಲ್ಲಿ ಒಂದೊಂದು ರೀತಿ ಇರುವುದರಿಂದ ಈ ಕರೆಂಟ್ 25 ಮಿಲಿಆಂಪಿಯರ್ ಮೇಲೆ ಹೋದರೂ ಆಶ್ಚರ್ಯವಿಲ್ಲ. ಆಗ ಎರಡೂ 2.2 ಕಿಲೋಓಮ್‌ಗಳನ್ನು 3.3ಕ್ಕೆ ಬದಲಿಸಿದರೆ ಕೆಲವು ಮಿಲಿಆಂಪಿಯರ್ ಇಳಿಯುತ್ತದೆ. ಸಂಕೇತವೇ ಇಲ್ಲದಿದ್ದರೂ ಟ್ರಾನ್ಸಿಸ್ಟರ್ ಕೈಸುಡುವಂತಿದ್ದರೆ, ಅಥವಾ ಬೋರ್ಡಿನ ಹತ್ತಿರ ಬೆರಳು ತಂದೊಡನೆ ಮೀಟರಿನ ಅಂಕೆ ಕುಣಿದರೆ, ಅದು ಬಯಸ್‌ನ ದೋಷವಲ್ಲ, ಆಸಿಲೇಷನ್. 47 ಪಿಕೋಫ್ಯಾರಡ್ ಮತ್ತು 22 ಓಮ್‌ಗಳ ಬೆಸುಗೆಯನ್ನು ಮತ್ತೆ ನೋಡಿ.

ಔಟ್‌ಪುಟ್ ಮತ್ತು ಗ್ರೌಂಡ್ ನಡುವಿನ ಡಿಸಿ ವೋಲ್ಟೇಜ್ ಒಪಿಎ2134ರಲ್ಲಿ ಕೆಲವೇ ಮಿಲಿವೋಲ್ಟ್ ಇರಬೇಕು. ಅದರ ಬದಲು ಎನ್‌ಇ5532 ಎಂಬ ಆಪ್-ಆಂಪ್ ಇದ್ದು ಇನ್‌ಪುಟ್‌ನಲ್ಲಿ 100 ಕಿಲೋಓಮ್ ಇದ್ದರೆ ಅದರ ಇನ್‌ಪುಟ್ ಕರೆಂಟ್‌ನಿಂದಾಗಿಯೇ 60 ಮಿಲಿವೋಲ್ಟ್ ಬರಬಹುದು, ಅದನ್ನು ಬಫರ್‌ನ ತಪ್ಪೆಂದು ಹುಡುಕುತ್ತ ಕೂರಬೇಡಿ. ಏನೇ ಇರಲಿ, 20 ಮಿಲಿವೋಲ್ಟ್‌ಗಿಂತ ಹೆಚ್ಚಿರುವಾಗ ಹೆಡ್‌ಫೋನ್ ಚುಚ್ಚುವುದು ಬೇಡ.

ಹೆಡ್‌ಫೋನ್ ಬದಲು ಮೊದಲು ಅರ್ಧ ವ್ಯಾಟ್‌ನ 33 ಓಮ್ ರೆಸಿಸ್ಟರ್ ಹಾಕಿ, ಫೋನಿನಿಂದ 100 ಹರ್ಟ್ಸ್‌ನ ಶುದ್ಧ ಸ್ವರ ನುಡಿಸಿ, ಔಟ್‌ಪುಟ್ 1 ವೋಲ್ಟ್ ಆಗುವಂತೆ ವಾಲ್ಯೂಮ್ ತಿರುಗಿಸಿ. ಅಗ್ಗದ ಮಲ್ಟಿಮೀಟರ್‌ಗಳ ಎಸಿ ಅಳತೆ ಕೆಳಗಿನ ಆವೃತ್ತಿಗಳಲ್ಲಿ ಮಾತ್ರ ನಂಬಲರ್ಹವಾದ್ದರಿಂದ 100 ಹರ್ಟ್ಸ್. ರೆಸಿಸ್ಟರ್ ತೆಗೆದು ಹಾಕಿ ಮಾಡಿದಾಗ ಅಂಕೆ ಶೇಕಡ 1ರಷ್ಟು ಬದಲಾದರೆ ಔಟ್‌ಪುಟ್ ತಡೆ 0.3 ಓಮ್ ಇದೆ ಎಂದು ಲೆಕ್ಕ. ಶೇಕಡ 10ರಷ್ಟು ಇಳಿದರೆ ಫೀಡ್‌ಬ್ಯಾಕ್ ರೆಸಿಸ್ಟರ್‌ನ ಕಾಲು ಇನ್ನೂ ಹಳೆಯ ಜಾಗದಲ್ಲೇ ಇರಬೇಕು. ಪೆಟ್ಟಿಗೆ ಮುಚ್ಚಿ ಅರ್ಧ ಗಂಟೆ ಬಿಟ್ಟು 4.7 ಓಮ್ ಮೇಲಿನ ಮಿಲಿವೋಲ್ಟನ್ನು ಮತ್ತೊಮ್ಮೆ ಅಳೆಯಿರಿ. ಅದು ಏರಿ ಒಂದು ಕಡೆ ನಿಂತಿದ್ದರೆ ಎರಡನೇ ಚಾನೆಲ್ ಶುರುಮಾಡಬಹುದು. ಏರುತ್ತಲೇ ಇದ್ದರೆ ಡಯೋಡ್‌ಗಳು ಟ್ರಾನ್ಸಿಸ್ಟರ್‌ಗೆ ಸರಿಯಾಗಿ ತಾಗಿಲ್ಲ. ಎರಡೂ ಮುಗಿದ ಮೇಲೆ ಜ್ಯಾಕ್‌ನ ಗ್ರೌಂಡ್ ತಂತಿಯನ್ನು ಆಪ್-ಆಂಪ್‌ನ ಪಕ್ಕದ ಟ್ರ್ಯಾಕಿಗೆ ಸೇರಿಸದೆ, ಸಪ್ಲೈನ ದೊಡ್ಡ ಕೆಪಾಸಿಟರ್‌ಗಳು ಕೂಡುವ ಬಿಂದುವಿಗೇ ದಪ್ಪ ತಂತಿಯಲ್ಲಿ ಒಯ್ಯಿರಿ. ಈಗ ಅದರಲ್ಲಿ ಮೊದಲಿಗಿಂತ ಎರಡು ಮೂರು ಪಟ್ಟು ಕರೆಂಟ್ ಹರಿಯುವುದರಿಂದ, ಸಣ್ಣ ಟ್ರ್ಯಾಕಿನ ಮೇಲಾದರೆ ಒಂದು ಚಾನೆಲ್‌ನ ಸದ್ದು ಇನ್ನೊಂದರಲ್ಲಿ ಇಣುಕುತ್ತದೆ.