ಮೊದಲು ಸಾಲದ ಮಾತು, ಆಮೇಲೆ ಮದುವೆಯ ಮಾತು

ಕೈಯಲ್ಲಿ ಕಾಸಿಲ್ಲದವರು ಪ್ರೀತಿಸಬಾರದು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂಬಳದ ದೊಡ್ಡ ಪಾಲು ಬಾಡಿಗೆಗೆ, ಮಿಕ್ಕಿದ್ದು ಊರಿಗೆ ಅಂತ ಹೋಗುತ್ತಿರುವಾಗ ಆ ಮಾತನ್ನು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ನಾನೂ, ಈಗ ನನ್ನ ಗಂಡನಾಗಿರುವ ಅವನೂ ಹಾಗೇ ಇದ್ದೆವು. ಹಗಲೆಲ್ಲ ಜನರ ನಡುವೆ ಕೆಲಸ ಮಾಡಿ ರಾತ್ರಿ ರೂಮಿಗೆ ಬಂದರೆ, ಊಟ ಆಯ್ತಾ ಅಂತ ಕೇಳುವವರಿಲ್ಲ.

ಪರಿಚಯ ಸಲಿಗೆಯಾಗುವ ಹೊತ್ತಿಗೆ ಅವನು ಭೇಟಿ ತಪ್ಪಿಸತೊಡಗಿದ. ಕೆಲಸ ಜಾಸ್ತಿ ಅನ್ನುತ್ತಿದ್ದ. ಒಂದು ಸಂಜೆ ನೇರವಾಗಿ ಕೇಳಿದೆ: "ದುಡ್ಡಿನ ತಾಪತ್ರಯಾನಾ?" ತುಸು ಹೊತ್ತು ಸುಮ್ಮನಿದ್ದು, ಫೋನಿನಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ತೆರೆದು ನನ್ನ ಕೈಗೆ ಕೊಟ್ಟ. ಪ್ರತಿ ತಿಂಗಳೂ ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದ. ಹಾಗೆ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಾಕಿಯ ಮೇಲೆ ಅದು ಬೆಳೆಯುತ್ತಲೇ ಇರುತ್ತದೆ. ಹೊಸದಾಗಿ ಕೊಂಡದ್ದಕ್ಕೂ ಸಾಮಾನ್ಯವಾಗಿ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ನಾನೂ ನನ್ನ ಓದಿನ ಸಾಲದ ಲೆಕ್ಕ ತೋರಿಸಿದೆ. ನಮ್ಮ ಪ್ರೀತಿ ಶುರುವಾದದ್ದು ಆ ಸಂಜೆಯೇ ಅಂತ ನಾನು ನಂಬಿದ್ದೇನೆ.

ಎಲ್ಲ ಸಾಲಗಳನ್ನೂ ಒಂದೇ ಹಾಳೆಯಲ್ಲಿ ಬಡ್ಡಿ ದರದ ಪ್ರಕಾರ ಬರೆದೆವು. ಉಳಿದವಕ್ಕೆ ತಪ್ಪದೆ ಕಂತು ಕಟ್ಟುತ್ತಾ, ಕೈಗೆ ಬಂದ ಹೆಚ್ಚಿನ ಹಣವನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಕಾರ್ಡಿಗೇ ಸುರಿದೆವು. ಅದು ತೀರುವವರೆಗೆ ಕಾರ್ಡ್ ಬಳಸಲಿಲ್ಲ. ಅವನ ಸಾಲಕ್ಕೆ ನಾನು ಜಾಮೀನು ನಿಲ್ಲಲಿಲ್ಲ, ಅವನು ಕೇಳಲೂ ಇಲ್ಲ. ಜಾಮೀನು ನಿಂತವರಿಂದ ಪೂರ್ತಿ ಸಾಲ ವಸೂಲಾಗಬಹುದು. ಒಬ್ಬರು ಮುಳುಗಿದರೆ ಕೈ ಹಿಡಿಯಲು ಇನ್ನೊಬ್ಬರು ದಡದಲ್ಲಿರಬೇಕು ಅನ್ನುವುದು ನಮ್ಮ ಲೆಕ್ಕವಾಗಿತ್ತು.

ಮದುವೆಯಾಗಿ ಒಂದೇ ಮನೆಗೆ ಬಂದ ಮೇಲೆ ಖರ್ಚನ್ನು ಸಮಸಮ ಹಂಚಲಿಲ್ಲ. ಇಬ್ಬರ ಒಟ್ಟು ಆದಾಯ 100 ಅಂದುಕೊಂಡರೆ, ನನ್ನದು 60, ಅವನದು 40. ಬಾಡಿಗೆಯೂ ಅದೇ ಪ್ರಮಾಣದಲ್ಲಿ. ಅರ್ಧರ್ಧ ಅಂದಿದ್ದರೆ ತಿಂಗಳ ಕೊನೆಗೆ ಅವನು ನನ್ನ ಮುಂದೆ ಕೈಚಾಚಬೇಕಿತ್ತು; ಅದು ನನಗೆ ಬೇಡವಾಗಿತ್ತು.

ಒಂಟಿತನ ಮಾತ್ರ ಮದುವೆಯಿಂದ ತಾನಾಗಿ ಹೋಗಲಿಲ್ಲ. ಅವನದು ರಾತ್ರಿ ಪಾಳಿ, ನನ್ನದು ಹಗಲು. ನಾನು ಏಳುವ ಹೊತ್ತಿಗೆ ಅವನು ಬಂದು ಮಲಗುತ್ತಿದ್ದ. ಹಾಗಾಗಿ ವಾಯ್ಸ್ ಮೆಸೇಜ್ ಕಳಿಸುವುದು ರೂಢಿಯಾಯಿತು: ದಾರಿಯಲ್ಲಿ ಕಂಡದ್ದು, ಮ್ಯಾನೇಜರ್ ಬೈದದ್ದು, ಮೊಣಕಾಲು ನೋಯುವುದು. ಮನೆ ಖಾಲಿಯಿದ್ದಾಗ ಆ ದನಿ ಕೇಳಿದರೆ ನನಗೆ ಸಾಕಾಗುತ್ತಿತ್ತು. ಜೊತೆಗೆ ಇಬ್ಬರೂ ಹಳೆಯ ಗೆಳೆಯರನ್ನು ಬಿಡಲಿಲ್ಲ. ಇಡೀ ನಗರದ ಬದಲಿಗೆ ಒಬ್ಬನೇ ಗಂಡ ಅಂದರೆ ಅವನಿಗೂ ಭಾರ, ನನಗೂ ಉಸಿರುಕಟ್ಟು.

ಈಗ ಕಾರ್ಡ್ ಸಾಲ ತೀರಿದೆ. ಮೂರು ತಿಂಗಳ ಖರ್ಚಿಗಾಗುವಷ್ಟು ಆಪತ್ತಿನ ಹಣ ಕೂಡಿಸುತ್ತಿದ್ದೇವೆ. ಯಾರ ತಾಯಿತಂದೆಗೆ ಎಷ್ಟು ಕಳಿಸಬೇಕು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ಸಂಬಳದ ದಿನ ಆ ಹಾಳೆ ತೆಗೆದರೆ ಮೊದಲು ಬರುವ ಮಾತು ಅದೇ.