ಹಳೆಯ ಸ್ವಿಫ್ಟ್, ಬಲೆನೊ ಕೊಳ್ಳುವ ಮುನ್ನ ಕೆ12 ಇಂಜಿನ್ ನೋಡುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಹುಡುಕಲು ಹೊರಟರೆ ಮಾರುತಿಯ 1.2 ಲೀಟರ್ ಕೆ12 ಇಂಜಿನ್ ಮತ್ತೆ ಮತ್ತೆ ಎದುರಾಗುತ್ತದೆ. ರಿಟ್ಜ್, ಸ್ವಿಫ್ಟ್, ಡಿಸೈರ್, ಬಲೆನೊ, ಇಗ್ನಿಸ್, 1.2 ವ್ಯಾಗನ್ ಆರ್ ಎಲ್ಲದರ ಬಾನೆಟ್ ಕೆಳಗೂ ಇದೇ. ಕೊಳ್ಳುವವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಅಂತ. ಈ ಇಂಜಿನ್ನಿನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಎಂದಾದರೂ ಹೀಟ್ ಆಗಿತ್ತೇ, ಆಯಿಲ್ ಸಮಯಕ್ಕೆ ಬದಲಾಗಿದೆಯೇ ಎಂಬುದು ಮೊದಲನೆಯದು. ಇಂಜಿನ್ನಿನ ಬ್ಲಾಕ್, ಅದರ ಮೇಲೆ ಕೂರುವ ಹೆಡ್ ಎರಡೂ ಅಲ್ಯೂಮಿನಿಯಂ. ಇಂಜಿನ್ ತಂಪಿಡುವ ದ್ರವ, ಅಂದರೆ ಕೂಲಂಟ್, ಇಲ್ಲದೆ ಒಂದೇ ಒಂದು ಘಾಟಿ ಹತ್ತಿಸಿದರೂ ಹೆಡ್ ಸೊಟ್ಟಗಾಗಬಹುದು.

ಯಾವ ಕೆ12 ಎಂದು ಮೊದಲು ಗುರುತಿಸಿಕೊಳ್ಳಿ. ಹಳೆಯದು, ಹೊಸದು ಎಂದು ಎರಡು ಬಗೆ. ಎರಡೂ ನಾಲ್ಕು ಸಿಲಿಂಡರಿನವು, 1197 ಸಿಸಿ, ಬೋರ್ 73 ಮಿ.ಮೀ., ಸ್ಟ್ರೋಕ್ 71.5 ಮಿ.ಮೀ., ಟೈಮಿಂಗ್ ಬೆಲ್ಟ್ ಬದಲು ಚೈನ್. ಹಳೆಯದು ಕೆ12ಎಂ. 2018ರ ಸ್ವಿಫ್ಟ್‌ನಲ್ಲಿ ಇದು 6000 ಆರ್‌ಪಿಎಂಗೆ 83 ಪಿಎಸ್, 4200ಕ್ಕೆ 113 ಎನ್‌ಎಂ ಕೊಡುತ್ತದೆ. ಹೊಸದು ಡ್ಯುಯಲ್‌ಜೆಟ್, ಅಂದರೆ ಕೆ12ಎನ್. 2019ರಲ್ಲಿ ಬಲೆನೊಗೆ, 2020ರಲ್ಲಿ ಡಿಸೈರ್‌ಗೆ, 2021ರಲ್ಲಿ ಸ್ವಿಫ್ಟ್‌ಗೆ ಬಂತು. ಸಿಲಿಂಡರಿಗೆ ಎರಡು ಇಂಜೆಕ್ಟರ್, ಕಂಪ್ರೆಷನ್ 12:1, ಶಕ್ತಿ 90 ಪಿಎಸ್. ಎಳೆಯುವ ಬಲ, ಅಂದರೆ ಟಾರ್ಕ್, ಮಾತ್ರ ಅದೇ 113 ಎನ್‌ಎಂ. ಘಾಟಿಯಲ್ಲಿ ಹೊಸದು ಹೆಚ್ಚು ಎಳೆಯುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ, ಎರಡನ್ನೂ ಗೇರ್ ಇಳಿಸಿಯೇ ಹತ್ತಿಸಬೇಕು. 2024ರ ಸ್ವಿಫ್ಟ್, ಡಿಸೈರ್‌ಗಳಲ್ಲಿ ಇರುವುದು ಮೂರು ಸಿಲಿಂಡರಿನ ಬೇರೆಯೇ ಇಂಜಿನ್.

ಕಾರು ನೋಡಲು ಬೆಳಿಗ್ಗೆಯೇ ಹೋಗಿ, ನೀವು ಬರುವವರೆಗೆ ಸ್ಟಾರ್ಟ್ ಮಾಡಬಾರದೆಂದು ಮೊದಲೇ ಹೇಳಿಡಿ. ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ; ಚೈನ್ ಸದ್ದು, ಆಯಿಲ್ ಹೊಗೆ ಎರಡೂ ತಣ್ಣನೆಯ ಇಂಜಿನ್ನಿನಲ್ಲೇ ಬಯಲಾಗುವುದು.

ಸೆಲ್ಫ್ ಹೊಡೆಯುವ ಮೊದಲು ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ. ತಣ್ಣಗಿದ್ದಾಗ ಮಾತ್ರ, ಬಿಸಿ ಇದ್ದಾಗ ತೆಗೆದರೆ ಮುಖಕ್ಕೇ ಹಾರುತ್ತದೆ. ಕೂಲಂಟ್ ಕುತ್ತಿಗೆಯವರೆಗೆ ಇರಬೇಕು, ಬಣ್ಣ ತಿಳಿಯಾಗಿರಬೇಕು. ತುಕ್ಕಿನ ಬಣ್ಣ ಇದ್ದರೆ ಯಾರೋ ಬಾವಿನೀರು ಹಾಕಿ ಓಡಿಸಿದ್ದಾರೆ. ಮೇಲೆ ಎಣ್ಣೆಯ ಪೊರೆ ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಮುಂದಿನದು ಆಯಿಲ್ ಹಾಕುವ ಮುಚ್ಚಳ. ಮಲೆನಾಡಿನ ಕಾರುಗಳಲ್ಲಿ ಜನ ಎಡವುವುದು ಇಲ್ಲೇ. ಮುಚ್ಚಳದ ಒಳಮೈಗೆ ಬೆಣ್ಣೆಯಂಥ ಬಿಳಿ ಲೋಳೆ ಹತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಹಾಳೆ) ಹೋಗಿದೆ ಎಂದು ಹೆದರಿಸುವವರಿದ್ದಾರೆ. ಮಳೆಗಾಲದಲ್ಲಿ ಮನೆಯಿಂದ ಡೈರಿಗೆ, ಡೈರಿಯಿಂದ ಶಾಲೆಗೆ ಅಂತ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೋಗದೆ ಎಲ್ಲಕ್ಕಿಂತ ತಂಪಾದ ಜಾಗದಲ್ಲಿ, ಅಂದರೆ ಮುಚ್ಚಳದಲ್ಲಿ, ಆಯಿಲ್ ಜೊತೆ ಕಲೆತು ಕೂರುತ್ತದೆ. ಬೇರ್ಪಡಿಸುವುದು ಹೀಗೆ: ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ, ಅಲ್ಲಿ ಆಯಿಲ್ ಕಂದಾಗಿ ತಿಳಿಯಾಗಿದ್ದರೆ ಮುಚ್ಚಳ ಒರೆಸಿ 30–40 ಕಿ.ಮೀ. ಬಿಡದೆ ಓಡಿಸಿ. ಲೋಳೆ ಮತ್ತೆ ಕಟ್ಟದೆ, ಕೂಲಂಟ್ ಮಟ್ಟವೂ ಇಳಿಯದಿದ್ದರೆ ಅದು ತೇವ ಅಷ್ಟೇ. ಡಿಪ್‌ಸ್ಟಿಕ್ ಮೇಲೂ ಹಾಲುಹಾಲಾಗಿದ್ದರೆ, ಅಥವಾ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದಾಗ ತೆರೆದ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಬಂದರೆ, ಅದು ಗ್ಯಾಸ್ಕೆಟ್.

ಈಗ ಸ್ಟಾರ್ಟ್ ಮಾಡಿ. ಒಂದೆರಡು ಸೆಕೆಂಡ್ ಚೈನ್ ಕಿರುಗುಟ್ಟಿ ನಿಂತರೆ ಆಯಿಲ್ ಒತ್ತಡ ಏರುತ್ತಿದೆ ಎಂದರ್ಥ. ಸದ್ದು ಮುಂದುವರಿದರೆ ಚೈನ್ ಉದ್ದವಾಗಿದೆ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದೆ. ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುವುದು ದೋಷವಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ. ಇಳಿಜಾರಿನಲ್ಲಿ ಕಾಲು ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಎದ್ದರೆ ವಾಲ್ವ್ ಸೀಲ್ ಸೋತಿರುವುದು. ಐಡ್ಲಿಂಗ್ 700ರ ಆಸುಪಾಸಿನಲ್ಲಿ ಸ್ಥಿರವಾಗಿರಬೇಕು. ಏರಿಳಿದರೆ ಮೊದಲು ಥ್ರಾಟಲ್ ಬಾಡಿಯ ಕಾರ್ಬನ್ ತೊಳೆಸಿ ನೋಡುವುದು, ಬಹಳ ಸಲ ಅಷ್ಟೇ ಇರುತ್ತದೆ.

ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಓಬಿಡಿ ರೀಡರ್ ಒಂದು ಜೊತೆಯಲ್ಲಿರಲಿ. ಕೆಲವು ಮಾದರಿಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ದೀಪ ಮಾತ್ರ. ದೀಪ ಕೆಂಪಾಗುವಷ್ಟರಲ್ಲಿ ತಡವಾಗಿರುತ್ತದೆ. ರೀಡರಿನಲ್ಲಿ ಕೂಲಂಟ್ ಉಷ್ಣತೆ ಹಾಕಿಕೊಂಡು ಏರು ಹತ್ತಿಸಿ. ಸೋಮೇಶ್ವರದಿಂದ ಆಗುಂಬೆಗೆ ಏರುವ 14 ತಿರುವುಗಳಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಅಷ್ಟು ದೂರ ಬಿಡದಿದ್ದರೆ ಎಸಿ ಹಾಕಿ, ಎರಡನೇ ಗೇರಿನಲ್ಲಿ ಯಾವುದಾದರೂ ಉದ್ದ ಏರು ಸಾಕು. 105 ಡಿಗ್ರಿ ದಾಟಿ ಏರುತ್ತಲೇ ಹೋದರೆ ಫ್ಯಾನ್, ಥರ್ಮೋಸ್ಟಾಟ್, ರೇಡಿಯೇಟರ್ ಮೂರರಲ್ಲಿ ಒಂದು ಕೆಟ್ಟಿದೆ. ಪಿ0300ರಿಂದ ಪಿ0304ರವರೆಗಿನ ಕೋಡ್ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದ ಮಿಸ್ಸಿಂಗ್‌ನದು, 1ರಿಂದ 4ರವರೆಗಿನ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ, 0 ಇದ್ದರೆ ಯಾವುದೋ ಒಂದೇ ಸಿಲಿಂಡರಿನದಲ್ಲ. ಮಳೆಗಾಲದಲ್ಲಿ ಇದಕ್ಕೆ ಕಾರಣ ಸಾಮಾನ್ಯವಾಗಿ ಇಗ್ನಿಷನ್ ಕಾಯಿಲ್‌ಗೆ ಇಳಿದ ನೀರು ಅಥವಾ ಇಲಿ ಕಡಿದ ವೈರ್. ಪಿ0016 ಬಂದರೆ ಚೈನ್ ಕಡೆ ನೋಡಿ. ಒಂದೂ ಕೋಡ್ ಇಲ್ಲದೆ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್‌ಗಳೆಲ್ಲ ‘ನಾಟ್ ರೆಡಿ’ ಎನ್ನುತ್ತಿದ್ದರೆ ಹಿಂದಿನ ದಿನವೇ ಯಾರೋ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ.

ನೆರೆ ನೀರು ಕುಡಿದ ಇಂಜಿನ್ ಬೇರೆಯೇ ಕಥೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು, ಅಂಥ ಕಾರುಗಳು ತೊಳೆದು ಒರೆಸಿಕೊಂಡು ಕೈ ಬದಲಾಗುತ್ತವೆ. ಏರ್ ಫಿಲ್ಟರ್ ಡಬ್ಬಿಯ ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ, ಸೀಟ್ ಹಳಿಯ ತುಕ್ಕು, ಸ್ಟೆಪ್ನಿ ಗುಳಿಯ ಮಣ್ಣು ನೋಡಿ. ಸಿಲಿಂಡರಿಗೆ ನೀರು ಹೊಕ್ಕಾಗ ಸ್ಟಾರ್ಟ್ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ. ಇಂಜಿನ್ ಓಡುತ್ತದೆ, ಆದರೆ ಆ ಪಿಸ್ಟನ್ ಮೇಲಿನವರೆಗೆ ಬರದೆ ಕಂಪ್ರೆಷನ್ ಕಡಿಮೆ ತೋರಿಸುತ್ತದೆ. ಅನುಮಾನವಿದ್ದರೆ ಮೆಕ್ಯಾನಿಕ್ ಬಳಿ ಇಂಜೆಕ್ಟರ್ ಕನೆಕ್ಟರ್ ತೆಗೆಸಿ, ನಾಲ್ಕೂ ಪ್ಲಗ್ ಬಿಚ್ಚಿಸಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆಸಿ. ನಾಲ್ಕರ ನಡುವೆ 1 ಬಾರ್‌ಗಿಂತ ಹೆಚ್ಚು ಅಂತರವಿದ್ದರೆ ಆ ಕಾರು ಬೇಡ.

ಕೊಂಡ ಮೇಲೆ ಹಳೆಯ ಸರ್ವೀಸ್ ಚೀಟಿ ನಂಬದೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಫಿಲ್ಟರ್ ಸೇರಿ ಹಿಡಿಯುವುದು ಸುಮಾರು 3.1 ಲೀಟರ್, 2.8 ಸುರಿದು, ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಉಳಿದದ್ದು ಹಾಕಿ. ಕೆ12ಎಂಗೆ 5ಡಬ್ಲ್ಯು-30, ಡ್ಯುಯಲ್‌ಜೆಟ್‌ಗೆ ಅದರ ಕೈಪಿಡಿಯಲ್ಲಿರುವ ಇನ್ನೂ ತೆಳು ಆಯಿಲ್. ದಪ್ಪಗಿನ 20ಡಬ್ಲ್ಯು-50 ಹಾಕಿದರೆ ‘ಗಟ್ಟಿ’ ಎನ್ನುವ ಸಲಹೆ ಈ ಇಂಜಿನ್ನಿಗೆ ಹಾನಿಕರ, ವಾಲ್ವ್ ತೆರೆಯುವ ಸಮಯ ಹೊಂದಿಸುವ ವಿವಿಟಿ ಆಯಿಲ್ ಒತ್ತಡದಲ್ಲೇ ಕೆಲಸ ಮಾಡುವುದು. ಕಂಪನಿ ಲೆಕ್ಕ 10,000 ಕಿ.ಮೀ. ಅಥವಾ ಒಂದು ವರ್ಷ. ಸಣ್ಣ ಓಟದ ಕಾರಿಗೆ ಆರು ತಿಂಗಳು ಎಂದಿಟ್ಟುಕೊಳ್ಳಿ, ಒಂದು ಬದಲಾವಣೆ ಮಳೆಗಾಲ ಮುಗಿದ ಮೇಲೆ ಬರುವಂತೆ. ನಿಕಲ್ ಪ್ಲಗ್‌ಗಳಿಗೆ 40,000 ಕಿ.ಮೀ. ಕೆಮ್ಮಣ್ಣಿನ ರಸ್ತೆಯವರಾದರೆ ಏರ್ ಫಿಲ್ಟರನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆಗೆದು ಧೂಳು ಕೊಡವಿ.

ಮೊದಲ 1,000 ಕಿ.ಮೀ. ವಾರಕ್ಕೊಮ್ಮೆ ಆಯಿಲ್ ಮಟ್ಟ ಬರೆದಿಡಿ. ಅರ್ಧ ಲೀಟರಿಗಿಂತ ಹೆಚ್ಚು ಇಳಿದು, ಕೆಳಗೆ ಸೋರಿಕೆಯೂ ಕಾಣದಿದ್ದರೆ ಮೊದಲು ಇಂಜಿನ್ನಿನೊಳಗೆ ಸೇರಿದ ಅನಿಲ ಹೊರಬಿಡುವ ಪಿಸಿವಿ ವಾಲ್ವ್ ಬದಲಿಸಿ, ಅಗ್ಗದ ಭಾಗ. ಆಮೇಲೂ ಇಳಿದರೆ ಮಾತ್ರ ವಾಲ್ವ್ ಸೀಲ್, ರಿಂಗ್‌ಗಳ ಮಾತೆತ್ತಿ.