ಮೂಲ ಚಿತ್ರ ಮುಟ್ಟದೆ ಮೂರು ರೂಪ ತೆಗೆಯುವುದು

ಸಸ್ಯಶಾಸ್ತ್ರದ ಪುಸ್ತಕಗಳಿಗೆ ಎಲೆ, ಹೂ, ಬೇರುಗಳ ಚಿತ್ರ ಸಿದ್ಧಪಡಿಸುವುದು ನನ್ನ ಕೆಲಸ. ಕಳೆದ ಪುಸ್ತಕ ಮುಗಿಯುವ ಹೊತ್ತಿಗೆ ಫೋಟೋಶಾಪ್‌ನ ಪಿಎಸ್‌ಡಿ ಫೈಲ್‌ಗಳು 212 ಆಗಿದ್ದವು. ಮುದ್ರಣಕ್ಕೆ ಟಿಫ್, ಕರಡು ನೋಡುವ ವಿಜ್ಞಾನಿಗೆ ಹಗುರವಾದ ಜೆಪೆಗ್, ಜಾಲತಾಣಕ್ಕೆ ಹಿನ್ನೆಲೆಯಿಲ್ಲದ ಪಿಎನ್‌ಜಿ ಬೇಕಿತ್ತು. ಒಂದೊಂದನ್ನೇ ತೆರೆದು ಮೂರು ಸಲ ಉಳಿಸುತ್ತ ಕೂತರೆ ಎರಡು ದಿನವೂ ಸಾಲದು, ನಡುವೆ ಕಣ್ತಪ್ಪುವುದಂತೂ ಖಂಡಿತ. ಈ ಕೆಲಸವನ್ನು ಫೋಟೋಶಾಪ್‌ಗೇ ಒಪ್ಪಿಸಬಹುದು. ಆದರೆ ಒಪ್ಪಿಸುವ ಮೊದಲು ಫಲಿತಾಂಶಕ್ಕಾಗಿ ಬೇರೊಂದು ಖಾಲಿ ಫೋಲ್ಡರ್ ಮಾಡಿಕೊಳ್ಳಿ. ಮೂಲ ಚಿತ್ರಗಳಿರುವ ಜಾಗದಲ್ಲಿ ಯಂತ್ರ ಏನನ್ನೂ ಬರೆಯಬಾರದು.

ಜೆಪೆಗ್ ಮತ್ತು ಟಿಫ್ ಮಾತ್ರ ಸಾಕೆಂದರೆ ದಾರಿ ಬಹಳ ಸುಲಭ. ‘ಫೈಲ್’ ಮೆನುವಿನ ‘ಸ್ಕ್ರಿಪ್ಟ್ಸ್’ ಒಳಗೆ ‘ಇಮೇಜ್ ಪ್ರೊಸೆಸರ್’ ಇದೆ. ಮೂಲ ಫೋಲ್ಡರ್ ತೋರಿಸಿ, ಉಳಿಸುವ ಫೋಲ್ಡರ್ ತೋರಿಸಿ, ಬೇಕಾದ ರೂಪಗಳಿಗೆ ಗುರುತು ಹಾಕಿ. ಜೆಪೆಗ್ ಗುಣಮಟ್ಟ 0ರಿಂದ 12ರವರೆಗೆ ಇದೆ; ಕರಡಿಗೆ ನಾನು 8 ಇಡುತ್ತೇನೆ. ಬಣ್ಣಗಳನ್ನು ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ‘ಎಸ್‌ಆರ್‌ಜಿಬಿ’ ಬಣ್ಣವ್ಯವಸ್ಥೆಗೆ ಬದಲಿಸುವ ಗುರುತನ್ನು ಮರೆಯಬೇಡಿ. ಅದನ್ನು ಬಿಟ್ಟಿದ್ದಕ್ಕೆ ಒಮ್ಮೆ ನನ್ನ ಎಳೆಯ ಚಿಗುರಿನ ಹಸಿರು ನೋಡುವವರ ಪರದೆಯ ಮೇಲೆ ಒಣಗಿದ ಎಲೆಯಂತೆ ಕಂಡಿತ್ತು. ಟಿಫ್‌ಗೆ ಎಲ್‌ಜೆಡ್‌ಡಬ್ಲ್ಯೂ ಸಂಕೋಚನ ಆರಿಸಬಹುದು. ಅದರಿಂದ ಚಿತ್ರದ ವಿವರ ಒಂದಿಷ್ಟೂ ಕಳೆಯುವುದಿಲ್ಲ. ಓಡಿಸಿದರೆ ಪ್ರತಿ ರೂಪಕ್ಕೂ ಬೇರೆ ಬೇರೆ ಉಪಫೋಲ್ಡರ್‌ಗಳು ತಾವಾಗಿ ತಯಾರಾಗುತ್ತವೆ.

ಇಮೇಜ್ ಪ್ರೊಸೆಸರ್ ಪಿಎನ್‌ಜಿ ಕೊಡುವುದಿಲ್ಲ. ಅದಕ್ಕೆ ‘ಆಕ್ಷನ್’, ಅಂದರೆ ಮಾಡಿದ ಹೆಜ್ಜೆಗಳ ಸರಣಿಯನ್ನು ರೆಕಾರ್ಡ್ ಮಾಡಿ, ಅದನ್ನು ಫೋಲ್ಡರ್‌ನ ಎಲ್ಲ ಚಿತ್ರಗಳ ಮೇಲೂ ನಡೆಸುವ ‘ಬ್ಯಾಚ್’ ಓಡಿಸಬೇಕು, ಎಚ್ಚರ ಬೇಕಾಗಿರುವುದೂ ಇಲ್ಲಿಯೇ. 2021ರಲ್ಲಿ ಬಂದ 22.4ನೇ ಆವೃತ್ತಿಯಿಂದ, ಲೇಯರ್‌ಗಳಿರುವ (ಒಂದರ ಮೇಲೊಂದು ಪದರಗಳಿರುವ) ಚಿತ್ರಕ್ಕೆ ‘ಸೇವ್ ಆ್ಯಸ್’ ಪಟ್ಟಿಯಲ್ಲಿ ಎಲ್ಲ ರೂಪಗಳೂ ಕಾಣುವುದಿಲ್ಲ. ‘ಪ್ರಿಫರೆನ್ಸಸ್’ನ ‘ಫೈಲ್ ಹ್ಯಾಂಡ್ಲಿಂಗ್’ ಭಾಗದಲ್ಲಿ ಹಳೆಯ ‘ಸೇವ್ ಆ್ಯಸ್’ ಅನ್ನು ಮರಳಿ ತರುವ ಆಯ್ಕೆಯಿದೆ. ಮೊದಲು ಅದನ್ನು ಚಾಲೂ ಮಾಡಿ.

ಈಗ ಯಾವುದಾದರೂ ಒಂದು ಚಿತ್ರದ ಪ್ರತಿಯನ್ನು ತೆರೆದು ಹೊಸ ಆಕ್ಷನ್ ಶುರು ಮಾಡಿ. ಮೊದಲ ಹೆಜ್ಜೆಯಾಗಿ ‘ಫೈಲ್’, ‘ಆಟೊಮೇಟ್’, ‘ಕಂಡಿಷನಲ್ ಮೋಡ್ ಚೇಂಜ್’ಗೆ ಹೋಗಿ, ಮುದ್ರಣದ ಬಣ್ಣವ್ಯವಸ್ಥೆಯಾದ ಸಿಎಮ್‌ವೈಕೆ ಇದ್ದರೆ ಪರದೆಯ ಬಣ್ಣವ್ಯವಸ್ಥೆಯಾದ ಆರ್‌ಜಿಬಿ ಆಗಲಿ ಎಂದು ಹೇಳಿ. ಪಿಎನ್‌ಜಿಯಲ್ಲಿ ಸಿಎಮ್‌ವೈಕೆ ಬಣ್ಣಕ್ಕೆ ಜಾಗವೇ ಇಲ್ಲ. ಅದೇ ‘ಆಟೊಮೇಟ್’ ಮೆನುವಿನ ‘ಫಿಟ್ ಇಮೇಜ್’ ಎರಡನೆಯ ಹೆಜ್ಜೆ. ಅಗಲ 1600, ಎತ್ತರ 1600 ಎಂದು ಕೊಟ್ಟರೆ ಉದ್ದನೆಯ ಬೇರಿನ ಚಿತ್ರವಾಗಲಿ, ಅಗಲವಾದ ಎಲೆಯ ಚಿತ್ರವಾಗಲಿ, ಆ ಚೌಕದೊಳಗೆ ತನ್ನ ಅನುಪಾತ ಕೆಡದೆ ಕೂರುತ್ತದೆ. ಚಿಕ್ಕದನ್ನು ಹಿಗ್ಗಿಸಬೇಡ ಎನ್ನುವ ಗುರುತನ್ನೂ ಹಾಕಿ. ‘ಫ್ಲ್ಯಾಟನ್’ ಮಾತ್ರ ರೆಕಾರ್ಡ್ ಮಾಡಬೇಡಿ. ಪಾರದರ್ಶಕ ಹಿನ್ನೆಲೆಯನ್ನು ಅದು ಬಿಳಿಯಿಂದ ತುಂಬಿಬಿಡುತ್ತದೆ.

ಕೊನೆಯ ಹೆಜ್ಜೆ ‘ಸೇವ್ ಆ್ಯಸ್’. ರೂಪ ಪಿಎನ್‌ಜಿ ಎಂದು ಆರಿಸಿ, ಹೆಸರಿನ ಜಾಗಕ್ಕೆ ಕೈ ಹಾಕದೆ ಹಾಗೆಯೇ ಉಳಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲ ಸಲ ‘ಎಲೆ’ ಎಂದು ಹೆಸರು ಬರೆದೆ. ಆ ಹೆಸರೂ ಆಕ್ಷನ್‌ನೊಳಗೆ ಸೇರಿಕೊಂಡಿತು. ರಾತ್ರಿ ಓಡಲು ಬಿಟ್ಟು ಬೆಳಿಗ್ಗೆ ಬಂದು ನೋಡಿದರೆ ಫೋಲ್ಡರ್‌ನಲ್ಲಿ ಇದ್ದದ್ದು ಒಂದೇ ಫೈಲ್. ಪ್ರತಿ ಚಿತ್ರವೂ ಹಿಂದಿನದರ ಮೇಲೆ ಬರೆದುಕೊಳ್ಳುತ್ತ ಹೋಗಿತ್ತು. ಮೂಲಗಳು ಬೇರೆ ಕಡೆ ಇದ್ದುದರಿಂದ ಹೋದದ್ದು ಒಂದು ರಾತ್ರಿ ಮಾತ್ರ.

ರೆಕಾರ್ಡಿಂಗ್ ನಿಲ್ಲಿಸಿ ‘ಫೈಲ್’, ‘ಆಟೊಮೇಟ್’, ‘ಬ್ಯಾಚ್’ ತೆರೆಯಿರಿ. ಮೂಲಕ್ಕೆ ಫೋಲ್ಡರ್, ಗುರಿಗೂ ಫೋಲ್ಡರ್ ಆರಿಸಿ. ಗುರಿಯ ಪಟ್ಟಿಯಲ್ಲಿರುವ ‘ಸೇವ್ ಆ್ಯಂಡ್ ಕ್ಲೋಸ್’ ಕಡೆಗೆ ಹೋಗಲೇಬೇಡಿ; ಅದು ಮೂಲದ ಮೇಲೆಯೇ ಬರೆಯುತ್ತದೆ. ಆಕ್ಷನ್‌ನ ‘ಸೇವ್ ಆ್ಯಸ್’ ಆಜ್ಞೆಯನ್ನು ‘ಓವರ್‌ರೈಡ್’ ಮಾಡುವ ಗುರುತು ಇರಲೇಬೇಕು. ಆಗ ರೂಪ ಆಕ್ಷನ್‌ನಿಂದ ಬರುತ್ತದೆ, ಜಾಗ ಮತ್ತು ಹೆಸರು ಬ್ಯಾಚ್‌ನಿಂದ ಬರುತ್ತವೆ. ಬಣ್ಣದ ಪ್ರೊಫೈಲ್ ಕುರಿತ ಎಚ್ಚರಿಕೆಗಳನ್ನು ತಡೆಯುವ ಗುರುತನ್ನೂ ಹಾಕಿ, ಇಲ್ಲದಿದ್ದರೆ ನಡುರಾತ್ರಿ ಒಂದು ಪ್ರಶ್ನೆಯ ಮುಂದೆ ಕೆಲಸವೆಲ್ಲ ನಿಂತಿರುತ್ತದೆ. ತಪ್ಪುಗಳನ್ನು ಒಂದು ಲಾಗ್ ಫೈಲ್‌ನಲ್ಲಿ ಬರೆದಿಡುವ ‘ಲಾಗ್ ಎರರ್ಸ್ ಟು ಫೈಲ್’ ಆರಿಸಿ. ಒಂದು ಚಿತ್ರ ಕೈಕೊಟ್ಟರೂ ಉಳಿದವು ಮುಂದುವರಿಯುತ್ತವೆ.

ಎಲ್ಲವನ್ನೂ ಓಡಿಸುವ ಮುನ್ನ ನಾಲ್ಕು ಫೈಲ್‌ಗಳ ಮೇಲೆ ಪ್ರಯೋಗ ಮಾಡಿ. ಸುಲಭವಾದ ನಾಲ್ಕಲ್ಲ, ತೊಡಕಿನ ನಾಲ್ಕು: ಸಿಎಮ್‌ವೈಕೆಯಲ್ಲಿರುವುದು, ಹಿನ್ನೆಲೆ ಪಾರದರ್ಶಕವಾಗಿರುವುದು, ಅತಿ ದೊಡ್ಡದು, ಹೆಸರು ಕನ್ನಡ ಲಿಪಿಯಲ್ಲಿರುವುದು. ಪಿಎನ್‌ಜಿಯನ್ನು ಗಾಢ ಬಣ್ಣದ ಪುಟದ ಮೇಲಿಟ್ಟು ಅಂಚು ನೋಡಿ. ಎಲೆಯ ಗರಗಸದಂಥ ಹಲ್ಲುಗಳ ಸುತ್ತ ಬಿಳಿ ಗೆರೆ ಉಳಿದಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಬಿಳಿ ಪುಟದ ಮೇಲೆ ಅದು ಕಾಣುವುದೇ ಇಲ್ಲ.

ಪೂರ್ತಿ ಮುಗಿದ ಮೇಲೆ ಎರಡೂ ಫೋಲ್ಡರ್‌ಗಳ ಫೈಲ್ ಸಂಖ್ಯೆ ಹೋಲಿಸಿ. ನನಗೆ ಆ ಸಲ 212ಕ್ಕೆ 209 ಬಂದಿತ್ತು. ಉಳಿದ ಮೂರರ ಹೆಸರು ಲಾಗ್‌ನಲ್ಲಿತ್ತು, ಅವನ್ನು ಕೈಯಿಂದಲೇ ಉಳಿಸಿದೆ.